ದಿಂಬಿನ ಕೆಳಗಿನ ಕತ್ತರಿ

ಬಸುರಿ ಇದ್ದಾಗ ಜಮಖಂಡಿಯ ದವಾಖಾನೆಯೊಂದರಲ್ಲಿ ನಮಗೆ ತರಗತಿ ಇರುತ್ತಿತ್ತು. ನೋವು ಬಂದಾಗ ಉಸಿರು ಹೇಗೆ ಬಿಡಬೇಕು, ಕೂಸಿಗೆ ಹಾಲು ಹೇಗೆ ಕುಡಿಸಬೇಕು, ಎಲ್ಲ ಹೇಳಿಕೊಡುತ್ತಿದ್ದರು. ಒಂದು ದಿನ ಸಿಸ್ಟರ್, "ಹಡದ ಮ್ಯಾಲೆ ಮನಸ್ಸು ಕೆಡಬಹುದು. ಕೂಸಿಗೆ ಏನರ ಮಾಡಿಬಿಡ್ತೀನೇನೋ ಅನಿಸಿದ್ರೂ ಮುಚ್ಚಿಡಬ್ಯಾಡ್ರಿ, ಮನ್ಯಾಗ ಹೇಳ್ರಿ," ಎಂದರು. ಪಕ್ಕದಲ್ಲಿ ಕೂತಿದ್ದ ಅವ್ವ, "ಹಡದಾಕಿಗೆ ಅಂಥಾದ್ದು ಯಾಕ ಅನಸ್ತೈತ್ರಿ?" ಎಂದು ನಕ್ಕಳು. ನಾನೂ ನಕ್ಕೆ. ನಗುವುದರಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ.

ಬಾಣಂತನಕ್ಕೆ ಬನಹಟ್ಟಿಯ ತವರಿಗೆ ಬಂದೆ. ಗೋಡೆಯಾಚೆ ಅಪ್ಪನ ಪವರ್‌ಲೂಮ್ ಮಗ್ಗಗಳು ಬೆಳಗಿನಿಂದ ಬಡಿಯುತ್ತಿದ್ದವು. ಕೆಟ್ಟ ಗಾಳಿ ಸೋಕಬಾರದೆಂದು ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಇಡುತ್ತಾರಲ್ಲ, ಹೊಲದವರ ಮನೆಯಲ್ಲಾದರೆ ಅದು ಕುಡಗೋಲು. ನಮ್ಮದು ನೇಕಾರರ ಮನೆ. ಅವ್ವ ನೂಲು ಕತ್ತರಿಸುವ ಕತ್ತರಿ ಇಟ್ಟಳು.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನನ್ನ ಮಗಳು ಹೆಗ್ಗಣವೇನಲ್ಲ, ದಿನಾ ದೃಷ್ಟಿ ತೆಗೆಯಬೇಕಾದಷ್ಟು ಚೆಲುವೆ. ನನಗೆ ಮಾತ್ರ ಅವಳು ಯಾರದೋ ಕೂಸು ಅನ್ನಿಸುತ್ತಿತ್ತು. ಬಾಣಂತಿಗೆಂದು ಅವ್ವ ಕಟ್ಟಿದ ಅಂಟಿನುಂಡಿ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಆಮೇಲೆ ಕತ್ತರಿಯ ಯೋಚನೆ ಶುರುವಾಯಿತು. ಅದು ಅಲ್ಲೇ ಇದೆ, ಕೈಗೆ ಸಿಗುವಂತಿದೆ ಅನ್ನುವುದೊಂದೇ ತಲೆಯಲ್ಲಿ. ನನ್ನ ಕೈ ಕಂಡರೆ ನನಗೇ ಭಯವಾಗತೊಡಗಿತು. ಎರಡೂ ಕೈ ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದೆ.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. "ಯವ್ವಾ, ಆ ಕತ್ರಿ ತಗಿಬೇ," ಎಂದೆ.

"ಹುಚ್ಚಿ, ಅದನ್ನ ತಗದ್ರ ಕೂಸಿಗೆ ಗಾಳಿ ಬಡೀತೈತಿ."

"ಗಾಳಿದು ಅಂಜಿಕಿ ಇಲ್ಲಬೇ. ನನಗ ನಂದ ಅಂಜಿಕಿ ಬರಾಕತ್ತೈತಿ."

ಅವ್ವ ಈ ಸಲ ನಗಲಿಲ್ಲ. ನನ್ನ ಮುಖ ನೋಡಿದಳು, ತೊಡೆಯ ಕೆಳಗಿದ್ದ ಕೈ ನೋಡಿದಳು. ಕತ್ತರಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ತೊಟ್ಟಿಲಿನಿಂದ ಕೂಸನ್ನೂ ಎತ್ತಿಕೊಂಡು, ಬಾಗಿಲಲ್ಲಿ ನಿಂತು ಅಪ್ಪನಿಗೆ ಕೂಗಿ ಹೇಳಿದಳು: "ಮಗ್ಗ ಬಂದ್ ಮಾಡ್ರೀ. ದವಾಖಾನಿಗೆ ಹೋಗೂಣು. ಈಗಿಂದೀಗ."

ಮಗ್ಗಗಳು ನಿಂತವು. ಕೆಲಸದ ದಿನ, ಕರೆಂಟ್ ಇದ್ದೂ ಅವು ಹಾಗೆ ನಿಂತದ್ದನ್ನು ನಾನು ಅದಕ್ಕೂ ಮೊದಲು ನೋಡಿದ್ದು ಅಜ್ಜಿ ತೀರಿಕೊಂಡಾಗ. ಸಪ್ಪಳ ನಿಂತಿದ್ದಕ್ಕೇ ಏನೋ, ಮಗಳು ಎದ್ದು ಅಳತೊಡಗಿದಳು. ನನ್ನ ಎದೆಯಲ್ಲಿ ಹಾಲು ಇಳಿದು ಕುಪ್ಪಸ ತೋಯ್ದಿತು. ಅವಳು ನನ್ನ ಮಗಳು ಎಂದು ಮೊದಲ ಸಲ ಅನ್ನಿಸಿತು. ಕೈ ಚಾಚಿದೆ.

ಅವ್ವ ಕೂಸನ್ನು ಅವಚಿಕೊಂಡು ಹಿಂದೆ ಸರಿದಳು.