ಹದಿನಾರನೆಯ ನಟ್

ಊರ ಹೊರಗಿನ ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ನಮ್ಮ ಕಾರನ್ನೇ ಓಡಿಸಲು ಹೆಸರು ಕೊಟ್ಟಿದ್ದೆ. ಕಾರು ಅಪ್ಪನದು. ಅವರು ತೀರಿಕೊಂಡು ವರ್ಷವಾಗಿತ್ತು. ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ಭಾಗಗಳನ್ನು ಜೋಡಿಸುತ್ತಿದ್ದ ಅಪ್ಪ, ಯಾವ ನಟ್ ಬಿಗಿ ಮಾಡಿದರೂ ಅದರ ಮೇಲಿಂದ ಬೋಲ್ಟಿನ ತುದಿಗೆ ಕೆಂಪು ಬಣ್ಣದ ಗೆರೆ ಎಳೆಯುತ್ತಿದ್ದರು. ನಟ್ ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ಚಕ್ರಗಳ ಹದಿನಾರು ನಟ್‌ಗಳ ಮೇಲೂ ಅವರ ಗೆರೆ ಹಾಗೇ ಇತ್ತು.

ಹಳೆಯ ಟೈರಿನಲ್ಲಿ ಟ್ರ್ಯಾಕಿಗೆ ಬಿಡುವುದಿಲ್ಲ. ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ಕೆಳಗೆ ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಟ್ ಬಿಚ್ಚುತ್ತಾ ಒಂದೊಂದೇ ಗೆರೆ ಮುರಿದೆ. ಚಕ್ರಗಳಿಗೆ ಹೊಸ ಟೈರ್ ಹಾಕಿಸಿಕೊಂಡು ಬರುವಷ್ಟರಲ್ಲಿ, ನಾನು ಸಾಲಾಗಿ ಇಟ್ಟಿದ್ದ ನಟ್‌ಗಳ ಧೂಳು ಒರೆಸಿ ಅವ್ವ ಒಂದೇ ಬೋಗುಣಿಗೆ ಹಾಕಿದ್ದಳು.

"ಯಾವುದು ಎಲ್ಲೀದು ಅಂತ ಈಗ ಹೆಂಗ ಗೊತ್ತಾಗಬೇಕವ್ವಾ?" ಎಂದು ರೇಗಿದೆ.

"ಎಲ್ಲಾ ಒಂದ ಥರಾ ಅದಾವಲ್ಲ" ಎಂದಳು.

ಸಿಕ್ಕಿದ್ದನ್ನು ಸಿಕ್ಕಲ್ಲಿ ಹಾಕಿದೆ. ಬೇಕಾದಷ್ಟು ಬಿಗಿಯಾದೊಡನೆ ಟಕ್ ಎನ್ನುವ ಪಾನಾ ಅಪ್ಪನದೇ. ಹದಿನೈದರಲ್ಲಿ ಗೆರೆಯ ತುಂಡುಗಳು ಒಂದೊಂದು ದಿಕ್ಕಿಗೆ ನಿಂತವು. ಕೊನೆಯದರಲ್ಲಿ ಪಾನಾ ಟಕ್ ಎಂದಾಗ, ನಟ್‌ನ ಕೆಂಪು ಬೋಲ್ಟಿನ ಕೆಂಪಿಗೆ ಸರಿಯಾಗಿ ಕೂಡಿತ್ತು.

ಅವ್ವ ಬಗ್ಗಿ ಗೆರೆಯನ್ನು ಮುಟ್ಟಿದಳು. "ಇದನ್ನ ನೀ ಬಿಚ್ಚಿಲ್ಲೇನು?"

ಬಿಚ್ಚಿದ್ದೆ.

ಟ್ರ್ಯಾಕಿಗೆ ಹೊರಡುವ ಬೆಳಿಗ್ಗೆ ಹದಿನೈದಕ್ಕೂ ಇನ್ನೊಮ್ಮೆ ಪಾನಾ ಹಾಕಿ ನೋಡಿದೆ. ಹದಿನಾರನೆಯದನ್ನು ಮುಟ್ಟಲು ಕೈ ಏಳಲಿಲ್ಲ.