ಚೈನಿಲ್ಲದ ಗಾಡಿಯಲ್ಲಿ ಅಕ್ಕ

ಇವತ್ತು ಬೆಳಿಗ್ಗೆ ಮುದ್ದೇಬಿಹಾಳದ ಟ್ರ್ಯಾಕ್ಟರ್ ರಿಪೇರಿ ಅಂಗಡಿಗಳ ಮುಂದೆ ಹಾದುಹೋಗುತ್ತಿದ್ದೆ. ಯಾರೋ ಗೇರ್ ಪೆಟ್ಟಿಗೆ ಬಿಚ್ಚಿ ಹಳೆಯ ಎಣ್ಣೆ ಬಸಿಯುತ್ತಿದ್ದರು. ಆ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಇಂಜಿನ್ ಎಣ್ಣೆಯ ವಾಸನೆ ಬೇರೆ, ಇದು ಬೇರೆ. ಕೊಳೆತ ಬೆಳ್ಳುಳ್ಳಿಯನ್ನು ಗಂಧಕದಲ್ಲಿ ಹುರಿದರೆ ಬರಬಹುದಾದ ವಾಸನೆ ಅದು. ಉಳಿದವರು ಮೂಗು ಮುಚ್ಚಿಕೊಂಡು ದಾಟಿ ಹೋದರು. ನಾನು ಮಾತ್ರ ನಿಂತುಬಿಟ್ಟೆ. ಕೆಲವು ವರ್ಷಗಳ ಹಿಂದೆ ಸಿಂದಗಿಯ ಒಂದು ಗ್ಯಾರೇಜಿನ ಮುಂದೆ ಇದೇ ವಾಸನೆಯಲ್ಲಿ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಆ ದಿಗಿಲು ಇನ್ನೂ ಪೂರ್ತಿ ಇಳಿದಿಲ್ಲ.

ದಿಗಿಲು ನನಗೆ ಹೊಸದೇನಲ್ಲ. ನನ್ನದು ಔಷಧಿ ಅಂಗಡಿ. ಔಷಧಿ ಅಂಗಡಿಯವನಿಗೆ ರೋಗಗಳ ಹೆಸರೆಲ್ಲ ಗೊತ್ತಿರುತ್ತವೆ, ವಾಸಿಯಾದವರ ಮುಖ ಮಾತ್ರ ಕಾಣುವುದಿಲ್ಲ. ವಾಸಿಯಾದವರು ಮತ್ತೆ ಯಾಕೆ ಬರುತ್ತಾರೆ? ಹೀಗಾಗಿ ಲೋಕದಲ್ಲಿ ಯಾರೂ ಗುಣವಾಗುವುದೇ ಇಲ್ಲ ಎಂಬ ನಂಬಿಕೆ ನನ್ನೊಳಗೆ ಗಟ್ಟಿಯಾಗಿ ಕೂತಿದೆ. ಕೆಮ್ಮು ಕೇಳಿದರೆ ಕ್ಷಯ, ಫೋನ್ ತೆಗೆಯದಿದ್ದರೆ ಅಪಘಾತ. ಮಳೆ ಬಂದರೆ ಗೋಡೆ ಬಿತ್ತು, ಬರದಿದ್ದರೆ ಬಾವಿ ಬತ್ತಿತು. ನನ್ನ ಹೆಂಡತಿ ಇದಕ್ಕೆ ಒಂದೇ ಮಾತು ಹೇಳುತ್ತಾಳೆ: "ನೀವು ಚಿಂತಿ ಮಾಡೂದು ಬಿಟ್ರ ಮಾಡಾಕ ಬ್ಯಾರೆ ಕೆಲಸs ಇಲ್ಲ ನಿಮಗ."

ಇಂಥವನು ಅಷ್ಟು ದೊಡ್ಡ ಮೋಟರ್ ಸೈಕಲ್ ಯಾಕೆ ಕೊಂಡ ಎಂದು ನೀವು ಕೇಳಬಹುದು. ಊರೆಲ್ಲ ಕೇಳಿದೆ. ಅದೊಂದು ವಿದೇಶಿ ಗಾಡಿ, ದೂರದ ಪ್ರವಾಸಕ್ಕೆಂದೇ ಮಾಡಿದ್ದು. ಪುಣೆಯ ಯಾರೋ ಓಡಿಸಿ ಬೇಸತ್ತು ಮಾರಿದ್ದು. ನಮ್ಮ ಕಡೆಯ ರಸ್ತೆಯಲ್ಲಿ ಅದು ಮದುವೆ ಮನೆಗೆ ಬಂದ ಆನೆಯಂತೆ ಕಾಣುತ್ತಿತ್ತು. ನಾನು ಅದನ್ನು ಕೊಂಡದ್ದು ವೇಗಕ್ಕಲ್ಲ, ಅದಕ್ಕೆ ಚೈನ್ ಇಲ್ಲ ಎಂಬ ಒಂದೇ ಕಾರಣಕ್ಕೆ. ಲಾರಿಗಳಿಗೆ ಇರುವಂತೆ ಒಂದು ಕಬ್ಬಿಣದ ದಂಡ ಕೊಳವೆಯೊಳಗೆ ತಿರುಗಿ ಹಿಂದಿನ ಗಾಲಿಯನ್ನು ತಿರುಗಿಸುತ್ತದೆ. ದಂಡದ ತುದಿಯಲ್ಲಿ, ಗಾಲಿಯ ಎಡಮಗ್ಗುಲಿಗೆ ಹಲ್ಲುಗಾಲಿಗಳ ಒಂದು ಪುಟ್ಟ ಪೆಟ್ಟಿಗೆ. ಅದರೊಳಗೆ ಈ ನಾರುವ ಎಣ್ಣೆ. ಎಣ್ಣೆ ಹೊರಗೆ ಬಾರದಂತೆ ಬಳೆಯಷ್ಟು ದೊಡ್ಡ ರಬ್ಬರ್ ಸೀಲು. ಇಷ್ಟೇ. ಸೆರಗು ಸಿಕ್ಕಿಕೊಳ್ಳಲು ಚೈನೇ ಇಲ್ಲ.

ಸೆರಗಿನ ಮಾತು ಯಾಕೆ ಬಂತೆಂದರೆ ನಮ್ಮ ಶಾಂತಕ್ಕನಿಂದ. ಅವಳನ್ನು ಇಂಡಿ ಪಟ್ಟಣದ ಹತ್ತಿರದ ಒಂದು ಹಳ್ಳಿಗೆ, ನಿಂಬೆ ತೋಟದ ಮನೆಗೆ ಕೊಟ್ಟಿದೆ. ಮದುವೆಯಾದ ಹೊಸದರಲ್ಲಿ ಮಾವನ (ಅಕ್ಕನ ಗಂಡನನ್ನು ನಾವು ಮಾವ ಎನ್ನುವವರು) ಮೋಟರ್ ಸೈಕಲ್ಲಿನ ಚೈನಿಗೆ ಅವಳ ಸೆರಗು ಸಿಕ್ಕಿತ್ತು. ಗಾಡಿ ನಿಂತಿತು, ಸೀರೆ ಹರಿಯಿತು, ಅಕ್ಕ ಬಿದ್ದು ಎದ್ದಳು. ಮುಂದೆ ಅವಳು ಯಾರ ಗಾಡಿಯನ್ನೂ ಹತ್ತಲಿಲ್ಲ. "ಚೈನ್ ಇಲ್ಲದ ಗಾಡಿ ತಗೊಂಡ್ ಬಾ, ಹತ್ತತೇನಿ" ಎಂದು ನಗುತ್ತಿದ್ದಳು. ನಾನು ತಂದೇಬಿಟ್ಟೆ. ಹೆಂಡತಿ ಅಂದಳು: "ಅಕ್ಕನ ಹೆಸರು, ನಿಮ್ಮ ಶೋಕಿ." ಗಾಡಿಯ ಎಡಕ್ಕೆ ಸೀರೆ ತಡೆಯುವ ಜಾಳಿಗೆಯನ್ನೂ ಕೂರಿಸಿದೆ, ಯಾವುದಕ್ಕೂ ಇರಲಿ ಎಂದು. ಅಕ್ಕ ಗಾಡಿಯ ಸುತ್ತ ತಿರುಗಿ ನೋಡಿ, "ಛಲೋ ಐತಿ, ಮುಂದ ನೋಡೂಣು" ಎಂದು ಒಳಗೆ ಹೋಗಿದ್ದಳು. ಮುಂದೆ ನೋಡೋಣ ಎಂದರೆ ನಮ್ಮ ಮನೆತನದಲ್ಲಿ ಇಲ್ಲ ಎಂದರ್ಥ.

ಹತ್ತುವ ದಿನವೂ ಬಂತು. ಆಗ ಬಸ್ಸಿನವರ ಮುಷ್ಕರ ನಡೆದಿತ್ತು. ನಾನು ಯಾವುದೋ ಕೆಲಸಕ್ಕೆ ಅಕ್ಕನ ಮನೆಗೆ ಹೋಗಿ ಉಳಿದಿದ್ದೆ. ಬಸವನ ಬಾಗೇವಾಡಿಯಿಂದ ಫೋನ್ ಬಂತು. ಖಾಜಾಬಿಯ ಸೊಸೆ ಮಾತನಾಡಿದ್ದಳು. ಖಾಜಾಬಿ ಎಂದರೆ ಅಕ್ಕನ ಬಾಲ್ಯದ ಜೀವ. ಹೂವಿನ ಹಿಪ್ಪರಗಿಯ ಸಾಲೆಯಲ್ಲಿ ಒಂದೇ ಬೆಂಚು, ಒಂದೇ ಬುತ್ತಿ. ಖಾಜಾಬಿ ಕೂಗಿದರೆ ದೂರದ ಹೊಲದವರು ತಿರುಗಿ ನೋಡುತ್ತಿದ್ದರಂತೆ. ಅದೇ ಗಂಟಲಿಗೆ ಈಗ ರೋಗ. ಮರುದಿನ ಮಿರಜಿಗೆ ಹೊರಟಿದ್ದಾರೆ, ಅಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ, ಆಮೇಲೆ ಮಾತಿಲ್ಲ. ಅಕ್ಕ ಫೋನನ್ನು ಖಾಜಾಬಿಗೆ ಕೊಡಿಸಿಕೊಂಡು ಕಿವಿಗೆ ಒತ್ತಿ ಹಿಡಿದಳು. ಬಹಳ ಹೊತ್ತು ಹಿಡಿದಳು. ನಂತರ ನನ್ನ ಕಡೆ ತಿರುಗಿ ಅಂದಳು: "ಫೋನಿನ್ಯಾಗ ಬರೇ ಗಾಳಿ ಕೇಳಸ್ತೈತಿ. ಎದರಿಗಿ ಕುಂತ್ರ ತಿಳೀಬಹುದು. ನಿನ್ನ ಗಾಡಿ ಮ್ಯಾಲ ಕರಕೊಂಡ್ ಹೋಗ್ತಿಯೇನು?"

ನಾನು ದಿಗ್ಭ್ರಮೆಗೊಂಡೆ. ಆ ದಿನದ ಮೊದಲ ದಿಗ್ಭ್ರಮೆ ಅದು; ಎಲ್ಲಕ್ಕಿಂತ ಸಣ್ಣದು.

ನಾವು ಹೊರಡುವ ಮೊದಲು ಮಾವ ಗಾಡಿಯ ಸುತ್ತ ಓಡಾಡಿದ್ದರು. ಆ ಮನೆಯ ಒಂದು ಪದ್ಧತಿ ಹೇಳಬೇಕು. ಬಂಡಿಗಳ ಕಾಲದಲ್ಲಿ, ಬಂದ ಬೀಗರು ಹೊರಡುವಾಗ ಅವರ ಬಂಡಿಯ ಅಚ್ಚಿಗೆ ಮನೆಯ ಯಜಮಾನನೇ ಕೀಲೆಣ್ಣೆ ಹಾಕಿ ಕಳಿಸುತ್ತಿದ್ದ. ಒಣ ಅಚ್ಚಿನ ಬಂಡಿ ಕಿರುಗುಟ್ಟುತ್ತ ಊರು ದಾಟಿದರೆ ಮರ್ಯಾದೆ ಬೀಗರದಲ್ಲ, ಇವರದು ಹೋಗುತ್ತಿತ್ತು. ಬಂಡಿ ಹೋಗಿ ಎಷ್ಟೋ ಕಾಲವಾಯಿತು, ಮಾವ ಪದ್ಧತಿ ಬಿಟ್ಟಿಲ್ಲ. ಯಾರ ಸ್ಕೂಟರ್ ಬಂದರೂ ಗಾಳಿ ನೋಡುತ್ತಾರೆ, ಎಣ್ಣೆ ನೋಡುತ್ತಾರೆ, ಕಡಿಮೆ ಕಂಡರೆ ತುಂಬುತ್ತಾರೆ. ಅವತ್ತು ನಾನು ಊಟ ಮಾಡಿ ಅಡ್ಡಾಗಿದ್ದೆ. ಏಳುವಷ್ಟರಲ್ಲಿ ಮಾವ ಕೈ ಒರೆಸಿಕೊಳ್ಳುತ್ತ ಬಂದು, "ಹೊಂಡ್ರಿ, ಎಲ್ಲಾ ತಯಾರ್ ಐತಿ" ಅಂದರು.

ವಿಜಯಪುರದ ದಾರಿ ಹಿಡಿದಿದ್ದರೆ ಸರಾಗವಾಗಿ ಹೋಗಬಹುದಿತ್ತು. ಆದರೆ ಆ ದಾರಿಯಲ್ಲಿ ಲಾರಿಗಳಿವೆ, ಲಾರಿಗಳಿಗೆ ಚಾಲಕರಿದ್ದಾರೆ, ಚಾಲಕರಿಗೆ ನಿದ್ದೆ ಇದೆ. ಹೀಗೆ ವಿಚಾರ ಮಾಡಿ ನಾನು ಸಿಂದಗಿಯ ಕಡೆಯಿಂದ ಸುತ್ತಿಕೊಂಡು ಹೋಗುವ ತೀರ್ಮಾನ ಮಾಡಿದೆ. ಅಕ್ಕ ಎರಡೂ ಕಾಲು ಎಡಕ್ಕೆ ಹಾಕಿ, ಸೆರಗನ್ನು ಸೊಂಟಕ್ಕೆ ಬಿಗಿದು ಕೂತಳು. ತೊಗರಿ ಹೊಲಗಳ ನಡುವೆ ಗಾಡಿ ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ನನಗೆ ಅಪರೂಪಕ್ಕೆ ಸಂತೋಷವಾಯಿತು. ಸಂತೋಷವಾಯಿತಲ್ಲ, ಇನ್ನೇನು ಕಾದಿದೆಯೋ ಎಂದು ಕೂಡಲೇ ಚಿಂತೆಯೂ ಆಯಿತು. ದಾರಿಯಲ್ಲಿ ಒಂದು ಹಳ್ಳಿಯಲ್ಲಿ ನಿಲ್ಲಿಸಿ, ನನ್ನ ವಾಡಿಕೆಯಂತೆ ಮುಂದಿನ ಗಾಲಿ ಒತ್ತಿ ನೋಡಿದೆ, ದೀಪ ನೋಡಿದೆ, ಕನ್ನಡಿ ನೋಡಿದೆ. ಹಿಂದಕ್ಕೆ ಬಂದಾಗ ಅಕ್ಕ ಹಿಂದಿನ ಗಾಲಿಗೆ ಅಡ್ಡವಾಗಿ ಸೀರೆ ಹರಡಿಕೊಂಡು ನಿಂತಿದ್ದಳು. "ನೀರಡಿಕಿ ಆಗೇತಿ, ಮೊದಲ ನೀರ್ ತಂದ್ ಕೊಡು" ಅಂದಳು. ತಂದುಕೊಟ್ಟೆ. ಹೊರಟೆವು.

ಸಿಂದಗಿ ಇನ್ನೇನು ಬಂತು ಅನ್ನುವಾಗ ಒಂದು ತಿರುವಿನಲ್ಲಿ ಗಾಡಿಯ ಹಿಂಭಾಗ ಸರ್ರನೆ ಪಕ್ಕಕ್ಕೆ ಹೋಗಿ ಮತ್ತೆ ನೆಟ್ಟಗಾಯಿತು. ಅಕ್ಕನ ಬೆರಳು ನನ್ನ ಹೆಗಲೊಳಗೆ ಇಳಿದವು. ಮರಳಿರಬೇಕು ಎಂದುಕೊಂಡೆ. ಊರೊಳಗೆ ಬಂದು ಹಿಂದಿನ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಲೊಲ್ಲದು. ಮುಂದಿನ ಬ್ರೇಕಿನಲ್ಲೇ ಹೇಗೋ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಗ್ಯಾರೇಜಿನ ಮಲ್ಲಪ್ಪ ನನ್ನನ್ನು ನೋಡಲಿಲ್ಲ, ಗಾಡಿಯನ್ನು ನೋಡಿದ. ಮೊಬೈಲ್ ತೆಗೆದು ಗಾಡಿಯ ಜೊತೆ ಒಂದು ಫೋಟೋ ಹೊಡೆದುಕೊಂಡ. ಆಮೇಲೆ ಬಗ್ಗಿ, ಸಿಳ್ಳೆ ಹಾಕಿದ.

"ಸರ, ಇದೇನ್ ಗಾಡಿರೀ, ಗಾಣರೀ?"

ಬಗ್ಗಿ ನೋಡಿದೆ. ಆ ವಾಸನೆ ಮುಖಕ್ಕೆ ಹೊಡೆಯಿತು. ಎಡಮಗ್ಗುಲ ಪೆಟ್ಟಿಗೆಯಿಂದ ಎಣ್ಣೆ ಸೀಲು ದಾಟಿ ಇಳಿದು, ಗಾಲಿಯ ಕಡ್ಡಿ, ಬ್ರೇಕಿನ ತಟ್ಟೆ, ಟೈರಿನ ಅಂಚು ಎಲ್ಲ ಮಿರಮಿರ ಮಿಂಚುತ್ತಿತ್ತು. ಮಲ್ಲಪ್ಪ ಮೇಲಿನ ನಟ್ಟು ಸಡಿಲಿಸಿದ್ದೇ ತಡ, ಬಿಸಿ ಎಣ್ಣೆ ಬುಳುಕ್ಕೆಂದು ಉಕ್ಕಿ ಅವನ ಚಪ್ಪಲಿಯ ಮೇಲೆ ಬಿತ್ತು. "ಅಯ್ಯೋ ಯಪ್ಪಾ! ಯಾರ್ ಹಾಕ್ಯಾರ್ರೀ ಇಷ್ಟು? ಉಣ್ಣಾಕ ಕುಂತವಗ ಒಲ್ಲೆ ಒಲ್ಲೆ ಅಂದ್ರೂ ನೀಡಿದ್ರ ಏನ್ ಮಾಡ್ತಾನ್ರೀ? ಕಾರಕೋತಾನ."

ಮಾವನಿಗೆ ಫೋನ್ ಹಚ್ಚಿದೆ. "ಮಾವಾ, ಹಿಂದಿನ ಗಾಲಿ ಕಡೆ ಎಣ್ಣಿ ಹಾಕೀರೇನು?"

"ಹಾಕದs ಬಿಡ್ತೇನೇನು? ಬಿರಡಿಯಂಥಾದ್ದೊಂದು ನಟ್ಟ ಇತ್ತು. ತಗದು ಬೆರಳ ಹಾಕಿದ್ರ ಎಣ್ಣಿ ತಾಗಲಿಲ್ಲ. ನಮ್ಮ ಟ್ರ್ಯಾಕ್ಟರಿಂದು ಇತ್ತು, ಕಂಠಮಟ ಹಾಕೀನಿ. ಯಾಕ, ಸಾಲಲಿಲ್ಲೇನು?"

ಆ ಪೆಟ್ಟಿಗೆ ಒಂದಿಷ್ಟು ಖಾಲಿ ಇರಲೇಬೇಕು. ಕಾದ ಎಣ್ಣೆ ಹಿಗ್ಗಲು ಜಾಗ ಬೇಕು. ಜಾಗ ಸಿಗದಿದ್ದರೆ ಅದು ಸೀಲನ್ನು ನೂಕಿ ಹೊರಬರುತ್ತದೆ. ಇದನ್ನೆಲ್ಲ ಆ ಪ್ರೀತಿಯ ಮನುಷ್ಯನಿಗೆ ಹೇಗೆ ಹೇಳುವುದು? "ಸಾಕಷ್ಟಾತು ಮಾವಾ" ಎಂದು ಫೋನ್ ಇಟ್ಟೆ.

ತಿರುಗಿದರೆ ಅಕ್ಕ. ಸೀರೆಯ ನೆರಿಗೆ ಸ್ವಲ್ಪ ಸರಿದಿತ್ತು. ಒಳಗೆ ಮಡಚಿ ಸಿಕ್ಕಿಸಿದ ಅಂಚು ಮೊಣಕಾಲಿನವರೆಗೆ ಎಣ್ಣೆಯಲ್ಲಿ ನೆನೆದು ಕಪ್ಪಾಗಿತ್ತು. ಈಗಷ್ಟೇ ಸಿಡಿದ ಎಣ್ಣೆಯಲ್ಲ ಅದು. ಧೂಳು ಕೂತು ಗಟ್ಟಿಯಾಗಿತ್ತು.

"ಅಕ್ಕಾ, ಇದು ಯಾವಾಗಿಂದ?"

"ನಮ್ಮೂರ ಹಳ್ಳ ದಾಟಿದ ಮ್ಯಾಲಿಂದ."

"ಗೊತ್ತಿತ್ತೇನು ನಿನಗ?"

"ಕಾಲಿಗಿ ಬಿಸಿ ತಾಗತಿತ್ತಲ್ಲ, ಗೊತ್ತಾಗದs ಇರತೈತೇನು?"

"ಹೇಳಬಾರದೇನು!" ನಾನು ಕೂಗಿದೆ. ಮಲ್ಲಪ್ಪ ನಟ್ಟು ಬಿಚ್ಚುವ ಪಾನೆ ಕೆಳಗಿಟ್ಟು ನೋಡಿದ. "ಟೈರಿಗಿ ಎಣ್ಣಿ ಹತ್ತೇತಿ, ಬ್ರೇಕ್ ಹಿಡೀವಲ್ದು. ಆ ತಿರುವಿನ್ಯಾಗ ಇಬ್ಬರೂ ಹೋಗತಿದ್ವಿ!"

ಅಕ್ಕ ದನಿ ಏರಿಸಲಿಲ್ಲ. "ನಿನಗ ಹೇಳಿದ್ರ ನೀ ಗಾಡಿ ತಿರುವತಿದ್ದಿ. ತಿರುವಿದ್ರ ಇವತ್ತಿನ ದಿನಾ ಹೋಗತಿತ್ತು. ನಾಳೆ ಆಕಿಗಿ ಮಾತs ಇಲ್ಲ."

"ಮತ್ತ ನೀರಡಿಕಿ ಅಂದಿ ಅಲ್ಲಿ?"

"ನೀ ಬಗ್ಗಿ ನೋಡಬಾರದಂತ ಅಂದೆ. ನಿನಗ ಯಾರರ ಏನರ ಹೇಳ್ತಾರೇನೋ ತಮ್ಮಾ? ನಿನ್ನ ಹೇಣ್ತಿ ಹಲ್ಲ ಕೀಳಿಸಿದ್ದು ನಿನಗ ಯಾವಾಗ ಗೊತ್ತಾತು? ನಿನ್ನ ಮಗಳು ಸ್ಕೂಟರ್ ಮ್ಯಾಲಿಂದ ಬಿದ್ದಿದ್ದು?"

ಹೆಂಡತಿಯ ಹಲ್ಲಿನ ವಿಷಯ, ಹಲ್ಲು ಹೋದ ಎಷ್ಟೋ ದಿನಗಳ ಮೇಲೆ ಅವಳು ನಕ್ಕಾಗ ಗೊತ್ತಾಗಿತ್ತು. ಮಗಳು ಬಿದ್ದಿದ್ದಳೆಂದು ನನಗೆ ಗೊತ್ತಾದದ್ದೇ ಆ ಕ್ಷಣದಲ್ಲಿ, ಸಿಂದಗಿಯ ಗ್ಯಾರೇಜಿನ ಮುಂದೆ.

ನಾನು ಬಾಯಿ ತೆರೆದು ನಿಂತದ್ದು ಆಗ. ಸಾಯುವಷ್ಟು ಹತ್ತಿರ ಹೋಗಿ ಬಂದೆವೆಂಬ ನಡುಕ ಒಂದು ಕಡೆ ಇತ್ತು. ಅದನ್ನೂ ಮೀರಿದ್ದು ಇನ್ನೊಂದು. ನಾನು ಮನೆಯವರೆಲ್ಲರ ಬಗ್ಗೆ ಹಗಲಿರುಳು ಕಾಳಜಿ ಮಾಡುವವನು, ಎಲ್ಲರ ಸುದ್ದಿ ನನ್ನ ಕೈಯಲ್ಲಿದೆ ಎಂದು ನಂಬಿದ್ದವನು. ನೋಡಿದರೆ ಎಲ್ಲರೂ ನನ್ನ ಮುಂದೆ ಸೀರೆ ಹರಡಿಕೊಂಡು ನಿಂತಿದ್ದರು. ಲೋಕದ ಎಲ್ಲ ಕೇಡನ್ನೂ ಊಹಿಸುತ್ತಿದ್ದೆ, ನಮ್ಮ ಮನೆಯಲ್ಲಿ ನಿಜವಾಗಿ ಆದದ್ದು ಒಂದೂ ನನಗೆ ತಿಳಿದಿರಲಿಲ್ಲ.

ಮುಂದಿನದನ್ನು ಅಕ್ಕನೇ ನಡೆಸಿದಳು. ಸೀಲು ಪುಣೆಯಿಂದ ಬರಬೇಕು, ಆ ಗಾಲಿಯ ಮೇಲೆ ಇನ್ನೊಂದು ಫರ್ಲಾಂಗೂ ಹೋಗುವಂತಿಲ್ಲ. ಮಲ್ಲಪ್ಪನಿಗೆ ಗುರುತಿನ ಒಂದು ಟೆಂಪೋ ತೊಗರಿ ಚೀಲ ಹೇರಿಕೊಂಡು ಬಾಗೇವಾಡಿಗೆ ಹೊರಟಿತ್ತು. ಚಾಲಕನ ಪಕ್ಕ ಒಂದೇ ಜಾಗವಿತ್ತು. ಅಕ್ಕ ಎಣ್ಣೆ ಸೀರೆಯಲ್ಲೇ ಹತ್ತಿ ಕೂತಳು. ಅವನು ಹೊಸ ಹುಡುಗ, ಟೆಂಪೋ ಹಳೆಯದು, ಹೇರು ಜಾಸ್ತಿ. ಇದೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ಕಿಟಕಿಯಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನೂ ಹೇಳಲಿಲ್ಲ. ಜೀವನದಲ್ಲಿ ಅದೇ ಮೊದಲು.

ಸಂಜೆ ಬಾಗೇವಾಡಿಯಿಂದ ಫೋನ್ ಮಾಡಿದಳು. "ಮಾತು ತಿಳೀತೇನು?" ಎಂದೆ.

"ಬಾಯಿ ಹತ್ರ ಕಿವಿ ಇಟ್ರ ತಿಳೀತು. ಬೈದ್ಳು."

"ಯಾಕ?"

"ತಡಾ ಮಾಡಿ ಬಂದಿ ಅಂತ. ಮೈಯೆಲ್ಲಾ ಏನ್ ನಾರತೈತಿ ನಿಂದು, ಶಾಂತಾ, ಅಂತ. ಊರ ಬಿಡೂದರಾಗ ಎಷ್ಟ್ ಬೈತಾಳೋ ಬೈಯಲಿ. ಇಲ್ಲೇ ಉಳೀತೇನಿ." ಅಕ್ಕನ ದನಿ ನಡುಗಿತು, ಅಳುವೋ ನಗುವೋ ಕೇಳಲು ನನಗೆ ಧೈರ್ಯವಾಗಲಿಲ್ಲ. ಖಾಜಾಬಿ ಈಗಲೂ ಇದ್ದಾಳೆ. ಕೈಸನ್ನೆಯಲ್ಲಿ, ಹುಬ್ಬಿನಲ್ಲಿ ಬೈಯುತ್ತಾಳೆ. ಆದರೆ ಕಿವಿಗೆ ಬಿದ್ದ ಕೊನೆಯ ಬೈಗುಳ ಅಕ್ಕನ ಪಾಲಿಗೆ ಸಿಕ್ಕಿತು.

ಗಾಡಿ ಹೊಸ ಸೀಲು ಹಾಕಿಸಿಕೊಂಡು ಮನೆಗೆ ಬಂತು. ನಾನು ಮಾತ್ರ ಆಗಿನಿಂದ ಒಂದು ಅಭ್ಯಾಸಕ್ಕೆ ಬಿದ್ದಿದ್ದೇನೆ: ಮುಖ ಬದಲಾಯಿಸದೆ ಕೇಳುವುದು. ಸುಲಭವೆಂದುಕೊಳ್ಳಬೇಡಿ. ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯ ಮುಂದೆ "ಮನೆ ಬಿತ್ತು" ಎಂದು ನನಗೆ ನಾನೇ ಹೇಳಿಕೊಂಡು ಮುಖ ನೋಡಿಕೊಂಡಿದ್ದೇನೆ. ಹುಬ್ಬು ಏರಿಯೇ ಏರುತ್ತದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹೋಗಿದ್ದಾಳೆ.

ಹೀಗೆ ಯೋಚಿಸುತ್ತ ಇವತ್ತು ಆ ಟ್ರ್ಯಾಕ್ಟರ್ ಅಂಗಡಿಗಳ ಮುಂದೆ ನಿಂತಿದ್ದಾಗ ಕಿಸೆಯಲ್ಲಿ ಫೋನ್ ನಡುಗಿತು. ಅಕ್ಕ.

"ಕುಂತೀಯೋ, ನಿಂತೀಯೋ?"

"ಕುಂತೇನಿ. ಹೇಳು."

"ಎಡಗಣ್ಣು ಮಬ್ಬಾಗೇತಿ. ಒಳಗಿನ ಪರದೆ ಕಿತ್ತು ಬಂದೈತಂತ, ಲಗೂನ ಆಪರೇಶನ್ ಮಾಡಸಬೇಕಂತ. ನಿಮ್ಮ ಮಾವಗ ಇನ್ನಾ ಹೇಳಿಲ್ಲ. ಮೊದಲ ನಿನಗ ಹೇಳಾಕತ್ತೇನಿ."

ಮೊದಲು ನನಗೆ. ಕಣ್ಣಿನ ಸುದ್ದಿಗಿಂತ ಆ ಮಾತೇ ನನ್ನನ್ನು ಅಲ್ಲಾಡಿಸಿತು. ಸಕ್ಕರೆ ಕಾಯಿಲೆಯೇ, ಎರಡನೆಯ ಕಣ್ಣೂ ಹೋದರೆ ಏನು ಗತಿ, ಡಾಕ್ಟರ್ ಸರಿಯಿದ್ದಾನೆಯೇ, ಎಲ್ಲವೂ ಒಟ್ಟಿಗೆ ಗಂಟಲಿಗೆ ನುಗ್ಗಿ ಬಂದವು. ಹಲ್ಲು ಕಚ್ಚಿದೆ.

"ಯಾವತ್ತು ಹೋಗೂಣು?" ಎಂದೆ.

"ಇಷ್ಟs ಏನು? ಮತ್ತೇನೂ ಕೇಳೂದಿಲ್ಲೇನು ನೀ?"

"ನೀನs ಹೇಳು, ಅಕ್ಕಾ."

ಅಕ್ಕ ಹೇಳತೊಡಗಿದಳು. ಮೊದಲು ಯಾವಾಗ ಮಬ್ಬಾಯಿತು, ಒಲೆಯ ಮುಂದೆ ಹೇಗೆ ಕೈ ಸುಟ್ಟುಕೊಂಡಳು, ರಾತ್ರಿ ಹೇಗೆ ಹೆದರಿಕೆಯಾಗುತ್ತದೆ, ಒಂದೊಂದಾಗಿ, ಬಿಡದೆ, ಎಲ್ಲವನ್ನೂ. ಕೂರಲು ಸುತ್ತ ಒಂದು ಕಲ್ಲೂ ಇರಲಿಲ್ಲ. ಕೂತಿದ್ದೇನೆ ಎಂದು ಹೇಳಿಬಿಟ್ಟಿದ್ದೆನಲ್ಲ. ಅವಳ ಮಾತು ಮುಗಿಯುವವರೆಗೆ ನಿಂತೇ ಕೇಳಿದೆ.