ಕೋಟಿನ ಬೆನ್ನು ಹತ್ತಿದ ಫುಸಾಕೊ

ಫುಸಾಕೊ ಕುರಹಾಶಿ ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಾಗ ಅವಳಿಗೆ ಇಪ್ಪತ್ತನಾಲ್ಕು, ನನಗೆ ಮೂವತ್ತೆರಡು. ಜಪಾನಿನ ಕಿರ್ಯೂ ಎಂಬ ಊರಿನ ರೇಷ್ಮೆ ನೇಯುವವರ ಮಗಳು. ಉಡುಪು ವಿನ್ಯಾಸ ಕಲಿಯಲು ನಮ್ಮ ಆಂಟ್‌ವರ್ಪಿಗೆ ಬಂದವಳು, ಕಲಿತು ಮುಗಿದ ಮೇಲೂ ವಾಪಸು ಹೋಗುವ ಮಾತೆತ್ತದೆ ಉಳಿದುಬಿಟ್ಟಿದ್ದಳು. ಅವಳ ಜೊತೆ ಎರಡು ಪೆಟ್ಟಿಗೆ ಬಂದವು. ಒಂದರ ತುಂಬ ಕತ್ತರಿಗಳು. ಇನ್ನೊಂದರ ತುಂಬವೂ ಕತ್ತರಿಗಳು.

"ಬಟ್ಟೆಬರೆ ಎಲ್ಲಮ್ಮ?" ಎಂದು ನನ್ನಮ್ಮ ಕೇಳಿದಳು. ಫುಸಾಕೊ ಮೈಮೇಲಿನದನ್ನು ತೋರಿಸಿದಳು.

ಶಾಲೆಯಲ್ಲಿ ಅವಳು ಮುರುಕು ಇಂಗ್ಲಿಷಿನಲ್ಲೇ ದಿನ ತಳ್ಳಿದ್ದಳು. ನಮ್ಮ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಅಮ್ಮ ಅವಳ ಕೈಗೆ ತನ್ನ ಅಡುಗೆ ಪುಸ್ತಕ ಕೊಟ್ಟು, "ಬದುಕೋಕೆ ಬೇಕಾದ ಮಾತೆಲ್ಲ ಇದರಲ್ಲಿದೆ, ಓದ್ಕೊ" ಅಂದಳು. ಹುಡುಗಿ ಅದನ್ನು ಅಕ್ಷರಶಃ ನಂಬಿದಳು. ಮೂರು ತಿಂಗಳಲ್ಲಿ ಸೂಪಿನಿಂದ ಹಿಡಿದು ಉಪ್ಪಿನಕಾಯಿಯವರೆಗೆ ಬಾಯಿಪಾಠ. ಬೆಳಿಗ್ಗೆ ಮೆಟ್ಟಿಲಿಳಿದು ಬಂದು, "ನೀರನ್ನು ಚೆನ್ನಾಗಿ ಕುದಿಸಿಕೊಳ್ಳುವುದು" ಎಂದರೆ ಅವಳಿಗೆ ಚಹಾ ಬೇಕು ಅಂತ. ಯಾರ ಮೇಲಾದರೂ ಸಿಟ್ಟು ಬಂದರೆ, "ಸಿಪ್ಪೆ ಸುಲಿದು ಪಕ್ಕಕ್ಕಿಡುವುದು" ಅನ್ನುತ್ತಿದ್ದಳು.

ನಾನಾಗ ಮೇಡಂ ಕ್ಲೋತಿಲ್ದ್ ಅವರ ಮಳೆಕೋಟಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮುಖ್ಯಸ್ಥೆ. ಫುಸಾಕೊಳನ್ನು ಅಲ್ಲಿಗೇ ಸೇರಿಸಿದೆ. ಅದು ನನ್ನ ತಪ್ಪೋ ಪುಣ್ಯವೋ, ಎಂಬತ್ತರ ಹತ್ತಿರ ಬಂದರೂ ತೀರ್ಮಾನವಾಗಿಲ್ಲ.

ಮೊದಲ ವಾರವೇ ಮೇಡಂ ಕೂಗಾಡುತ್ತಾ ಬಂದರು. "ಮರಿಯೆಟ್! ಏನಿದು? ನಿನ್ನೆ ಸಂಜೆ ಇಲ್ಲಿ ಹನ್ನೊಂದು ಕೋಟು ಇದ್ವು. ಈಗ ನೋಡಿದ್ರೆ ಹನ್ನೊಂದು ಜಾಕೀಟು, ಇಪ್ಪತ್ತೆರಡು ತೋಳು!"

ಫುಸಾಕೊ ಬಾಯಿಂದ ದಾರದ ತುಂಡು ತೆಗೆದು ವಿನಯದಿಂದ ಬಗ್ಗಿದಳು. "ತೋಳು ಸರಿಯಾಗಿ ಬೆಂದಿಲ್ಲ. ಇನ್ನೊಮ್ಮೆ ಬೇಯಿಸುವುದು."

"ನಾನು ಸಂಬಳ ಕೊಡೋದು ಹೊಲಿಯೋಕಮ್ಮಾ, ಬಿಚ್ಚೋಕಲ್ಲ!"

ಮಧ್ಯಾಹ್ನದ ಹೊತ್ತಿಗೆ ಹನ್ನೊಂದಕ್ಕೂ ತೋಳು ಮರಳಿದ್ದವು. ಮೇಡಂ ಒಂದನ್ನು ಹಾಕಿಕೊಂಡು ಕೈ ಮೇಲೆತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಮೂವತ್ತು ವರ್ಷ ಕೋಟು ಮಾರಿದ ಹೆಂಗಸು, ಕಂಕುಳಲ್ಲಿ ಹಿಡಿಯದ ಕೋಟನ್ನು ಅಂದೇ ಮೊದಲು ತೊಟ್ಟಿದ್ದು. ಅದನ್ನು ತೊಟ್ಟುಕೊಂಡೇ ಒಳಗೆ ಹೋದರು.

ಆ ವರ್ಷದ ಕೊನೆಗೆ ಫುಸಾಕೊ ತನ್ನದೇ ಒಂದು ಕೋಟು ಮಾಡಿದಳು. ಬೂದು ಉಣ್ಣೆ. ಕಾಲರನ್ನು ಎರಡು ಮಡಿಕೆ ಮಾಡಿ ಒಳಗಿನ ಗುಂಡಿಗೆ ಸಿಕ್ಕಿಸಬೇಕು, ಆಮೇಲೆ ಹೊರಗಿನದು, ಎಡಭುಜ ಚೂರು ಸಡಿಲ. ಹಾಗೆ ತೊಟ್ಟರೆ ಎಂಥವರೂ ಏನೋ ದೊಡ್ಡ ವಿಷಯ ಯೋಚಿಸುತ್ತಿರುವವರ ಹಾಗೆ ಕಾಣುತ್ತಿದ್ದರು. ತಪ್ಪಿ ತೊಟ್ಟರೆ ಬಾಗಿಲಿಗೆ ಸಿಕ್ಕಿಹಾಕಿಕೊಂಡವರ ಹಾಗೆ. ಮೇಡಂ ಗೊಣಗುತ್ತಲೇ ಅದನ್ನು ಅಂಗಡಿಯ ಗಾಜಿನ ಹಿಂದೆ ಇಟ್ಟರು. ನೋಟರಿಯೊಬ್ಬರ ಹೆಂಡತಿ ಕೊಂಡು ಹೋದಳು.

ಮೂರನೇ ದಿನ ನಾವಿಬ್ಬರೂ ದೊಡ್ಡ ಚರ್ಚಿನ ಮುಂದಿನ ಚೌಕದಲ್ಲಿ ನಿಂತು ಕರಿದ ಆಲೂಗಡ್ಡೆ ತಿನ್ನುತ್ತಿದ್ದೆವು. ಎದುರಿಗೆ ಟ್ರಾಮು ಬಂದು ನಿಂತಿತು. ಆ ನೋಟರಿಯ ಹೆಂಡತಿ ಹತ್ತಿದಳು. ಕಾಲರ್ ಕಿವಿಯವರೆಗೆ ನಿಂತಿತ್ತು. ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿದ್ದವು.

ಫುಸಾಕೊ ಆಲೂಗಡ್ಡೆಯ ಪೊಟ್ಟಣವನ್ನು ನನ್ನ ಕೈಗೆ ತುರುಕಿ ಓಡಿದಳು. ಟ್ರಾಮು ಆಗಲೇ ಹೊರಟಿತ್ತು. ಹಾರಿ ಹತ್ತಿದಳು. ಎರಡು ಪೊಟ್ಟಣ ಹಿಡಿದು ನಾನೂ ಹಾರಿದೆ, ಯಾವ ದೇವರು ಕಾಪಾಡಿದನೋ.

ನಾನು ಜನರ ನಡುವೆ ನುಗ್ಗಿ ಹೋಗುವಷ್ಟರಲ್ಲಿ ಅವಳು ಆ ಹೆಂಗಸಿನ ಕುತ್ತಿಗೆಗೆ ಕೈ ಹಾಕಿಯಾಗಿತ್ತು. "ನಿಧಾನವಾಗಿ ಮಗುಚುವುದು. ಒಡೆಯದಂತೆ ನೋಡಿಕೊಳ್ಳುವುದು."

"ಅಯ್ಯೋ, ಕತ್ತು ಹಿಸುಕ್ತಾಳೆ! ಕಳ್ಳಿ! ಯಾರಾದ್ರೂ ಹಿಡೀರಿ!"

ಟಿಕೆಟು ತಪಾಸಣೆಯವನು ಬಂದ. ಉದ್ದನೆಯ ಮನುಷ್ಯ, ಕೆಂಪು ಕಿವಿ, ಎದೆಯ ಮೇಲೆ ಫಿರ್ಮಿನ್ ಎಂದು ಹೆಸರಿನ ಪಟ್ಟಿ. ಅಷ್ಟರಲ್ಲಿ ಫುಸಾಕೊ ಕೊನೆಯ ಗುಂಡಿ ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದಳು. ಫಿರ್ಮಿನ್ ನೋಟರಿಯ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ.

"ಮೇಡಂ, ತಪ್ಪು ತಿಳೀಬೇಡಿ. ಈಗ ಚೆನ್ನಾಗಿ ಕಾಣ್ತೀರಿ."

"ಹೌದಾ?" ಅಂದಳು ಆಕೆ, ಕಿರುಚುವುದನ್ನು ನಿಲ್ಲಿಸಿ. ಕಿಟಕಿಯ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡಳು. ಆಮೇಲೆ ಮತ್ತೆ ಕಿರುಚತೊಡಗಿದಳು, ಆದರೆ ಮೊದಲಿನ ಜೋರಿರಲಿಲ್ಲ.

ಫಿರ್ಮಿನ್ ಫುಸಾಕೊ ಕಡೆ ತಿರುಗಿದ. "ನಿಮ್ಮ ಟಿಕೆಟು?" ಇರಲಿಲ್ಲ. ನನ್ನದೂ ಇರಲಿಲ್ಲ. ಇಬ್ಬರಿಗೂ ದಂಡದ ಚೀಟಿ ಬರೆದ, ನನ್ನ ಕೈಯಿಂದ ಒಂದು ಆಲೂಗಡ್ಡೆ ತಗೊಂಡು ತಿಂದ, ಮುಂದಿನ ನಿಲ್ದಾಣದಲ್ಲಿ ಇಳಿಸಿದ.

ದೂರು ಕಾರ್ಖಾನೆಗೆ ಬಂತು. ಮೇಡಂ ಫುಸಾಕೊಳನ್ನು ಕೆಲಸದಿಂದ ತೆಗೆದರು. "ಕೋಟು ಮಾರಿದ ಮೇಲೆ ಅದು ಗಿರಾಕೀದು. ತಲೆಕೆಳಗಾಗಿ ಹಾಕ್ಕೊಳ್ಳಲಿ, ನಾಯಿಗೆ ಹಾಸಲಿ, ನಿಂಗೇನು?"

ಫುಸಾಕೊ ಮುಖ ಬಿಳುಚಿಕೊಂಡಿತು. ನಾಯಿಯ ಮಾತು ಅವಳಿಗೆ ಅರ್ಥವಾಗಿತ್ತು. ಅವಳು ಕತ್ತರಿ ಸುತ್ತಿಕೊಂಡು ಹೊರಟಳು. ಹದಿನೈದು ವರ್ಷ ಒಂದೇ ಮಣ್ಣು ಬಣ್ಣದ ಬಟ್ಟೆ ಕತ್ತರಿಸಿ ನನಗೂ ಸಾಕಾಗಿತ್ತು. ನಾನೂ ಏಪ್ರನ್ ಬಿಚ್ಚಿಟ್ಟೆ. ದೊಡ್ಡ ನಿರ್ಧಾರವೇನಲ್ಲ, ಅವಳ ಬೆನ್ನ ಹಿಂದೆ ಬಾಗಿಲು ಹಾಕಿದಾಗ ನಾನು ಹೊರಗಡೆ ಇದ್ದೆ, ಅಷ್ಟೇ.

ನಮ್ಮ ಬೀದಿಯಲ್ಲಿ ಕುದುರೆ ಮಾಂಸದ ಅಂಗಡಿಯೊಂದು ಮುಚ್ಚಿ ಖಾಲಿ ಬಿದ್ದಿತ್ತು. ಅದನ್ನೇ ಹಿಡಿದೆವು. ಹೆಸರಿನ ಹಲಗೆ ಬದಲಾಯಿಸಿದರೂ ಎರಡು ವರ್ಷ ಮುದುಕರು ಬಂದು ಸಾಸೇಜು ಕೇಳುತ್ತಿದ್ದರು. ಅವರ ಕೆಲಸ ಸಲೀಸು. ಇಲ್ಲ ಅಂದರೆ ಹೋಗುತ್ತಿದ್ದರು. ಕೋಟು ಕೇಳಿ ಬಂದವರ ಪಾಡೇ ಕಷ್ಟ. ಫುಸಾಕೊ ಅವರನ್ನು ಕುರ್ಚಿಯಲ್ಲಿ ಕೂರಿಸಿ ವಿಚಾರಣೆ ಮಾಡುತ್ತಿದ್ದಳು. ಮನೆಯಲ್ಲಿ ಕೋಟು ಎಲ್ಲಿ ತೂಗು ಹಾಕ್ತೀರಿ? ಮೊಳೆಗೋ ಹ್ಯಾಂಗರಿಗೋ? ಬೆಕ್ಕು ಇದೆಯಾ? ಜೇಬಲ್ಲಿ ಕೀಲಿಗೊಂಚಲು ಇಡ್ತೀರಾ? ಉತ್ತರ ಹಿಡಿಸದಿದ್ದರೆ ಕೋಟಿಲ್ಲ. ಇಷ್ಟಾದರೂ ಜನ ಬಂದರು. ನಮ್ಮೂರಿನವರಿಗೆ 'ನಿಮಗೆ ಕೊಡಲ್ಲ' ಅಂದರೆ ಸಾಕು, ಪಡೆದೇ ತೀರುತ್ತಾರೆ. ಆ ನೋಟರಿಯ ಹೆಂಡತಿಯೇ ತಂಗಿಯನ್ನು ಕರೆದುಕೊಂಡು ಬಂದಳು. "ಇವಳ ಹತ್ರ ಬೆಕ್ಕಿನ ವಿಷಯ ಬಾಯಿ ಬಿಡಬೇಡ" ಎಂದು ಬಾಗಿಲಲ್ಲಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು.

ಒಂದು ದಿನ ಫಿರ್ಮಿನ್ ಬಂದ. ಸಮವಸ್ತ್ರ ಇರಲಿಲ್ಲ, ಕಿವಿ ಮಾತ್ರ ಅವೇ.

"ಒಂದು ಕೋಟು ಬೇಕಿತ್ತು."

"ಎಲ್ಲಿ ತೂಗು ಹಾಕುವುದು?"

"ಅಡುಗೆಮನೆ ಬಾಗಿಲ ಹಿಂದೆ."

"ಎಣ್ಣೆ ಹೊಗೆ. ಇಲ್ಲ."

ಎರಡು ತಿಂಗಳ ಮೇಲೆ ಮತ್ತೆ ಬಂದ. "ಕಪಾಟು ಮಾಡಿಸಿದ್ದೀನಿ."

"ಯಾವ ಮರ?"

"ಪೈನ್."

"ಅಂಟು ಬಿಡುತ್ತದೆ. ಇಲ್ಲ."

ಮೂರನೇ ಸಲ ಓಕ್ ಮರದ ಕಪಾಟು, ತನ್ನ ಕೈಯಿಂದಲೇ ಮಾಡಿದ್ದು. ಫುಸಾಕೊ ಪರೀಕ್ಷೆಗೆಂದು ಅವನ ಮನೆಗೆ ಹೋದಳು. ನಾನೂ ಜೊತೆಗಿದ್ದೆ. ಬಾಗಿಲು ತೆರೆದಳು, ಮುಚ್ಚಿದಳು, ಒಳಗೆ ತಲೆ ಹಾಕಿ ಮೂಸಿದಳು, ಕೊನೆಗೆ ತಾನೇ ಒಳಗೆ ಹೋಗಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿಂದ ದನಿ ಬಂತು. "ಜಾಗ ಬಹಳ. ಒಂದು ಕೋಟಿಗೆ ಹೆಚ್ಚು."

ಫಿರ್ಮಿನ್ ಕಿವಿ ಉರಿಯುವಷ್ಟು ಕೆಂಪಾಯಿತು. "ಅದಕ್ಕೇ ಕೇಳೋಣ ಅಂತಿದ್ದೆ... ನಿಮ್ಮ ಕೋಟುಗಳನ್ನೂ ಇಲ್ಲೇ ಇಟ್ಕೋಬಹುದು. ನೀವೂ ಇರಬಹುದು. ಕಪಾಟಲ್ಲಲ್ಲ. ಮನೇಲಿ."

"ಯೋಚಿಸುವುದು," ಅಂದಳು ಕಪಾಟಿನೊಳಗಿಂದ. "ಮುಚ್ಚಳ ಮುಚ್ಚಿ ಒಂದು ವಾರ ಬಿಡುವುದು." ವಾರ ಕಳೆದು ಒಪ್ಪಿದಳು.

ಮದುವೆಯಾದ ಮೇಲೆ ಅವಳ ಅಡುಗೆಭಾಷೆಗೆ ಗಂಡನ ಟ್ರಾಮು ಭಾಷೆಯೂ ಬೆರೆಯಿತು. "ಒಳಗೆ ಸರಿಯತಕ್ಕದ್ದು" ಎಂದು ಗಿರಾಕಿಗಳಿಗೆ ಹೇಳತೊಡಗಿದಳು. ನಮಗೆಲ್ಲ ಅಭ್ಯಾಸವಾಗಿತ್ತು.

ಹೆಸರು ಬೆಳೆಯುತ್ತಾ ಹೋಗಿ ತೊಂಬತ್ತೊಂದನೇ ಇಸವಿಯಲ್ಲಿ ಪ್ಯಾರಿಸ್ಸಿನ ದೊಡ್ಡ ಉಡುಪಿನ ಸಂಸ್ಥೆಯೊಂದು ಅವಳನ್ನು ಮುಖ್ಯ ವಿನ್ಯಾಸಕಿಯಾಗಿ ಕರೆಯಿತು. ಕೈಕೆಳಗೆ ಅರವತ್ತು ಜನ, ಓಡಾಡಲು ಕಾರು. ನಾನೂ ಕತ್ತರಿ ಹಿಡಿದು ಹೋದೆ. ಫಿರ್ಮಿನ್ ಪ್ರತಿ ಶನಿವಾರ ರೈಲಿನಲ್ಲಿ ಬರುತ್ತಿದ್ದ. ರೈಲಿನವರು ಟಿಕೆಟು ಸರಿಯಾಗಿ ನೋಡುವುದಿಲ್ಲ ಎಂದು ಬಂದವನೇ ದೂರುತ್ತಿದ್ದ.

ಮೊದಲ ಪ್ರದರ್ಶನದ ದಿನ ನಾನೂರು ಜನ ಸೇರಿದ್ದರು. ಹನ್ನೆರಡನೆಯ ರೂಪದರ್ಶಿ ಪರದೆ ದಾಟಿದ ಮೇಲೆ ಕಾಲರನ್ನು ತಾನೇ ಎತ್ತಿ ನಿಲ್ಲಿಸಿಕೊಂಡಳು, ಹಾಗೆ ಚೆಂದ ಅನ್ನಿಸಿತೋ ಏನೋ. ಫುಸಾಕೊ ಬಾಯಲ್ಲಿ ನಾಲ್ಕು ಗುಂಡುಸೂಜಿ, ಕಾಲಲ್ಲಿ ಮನೆಯ ಚಪ್ಪಲಿ. ನಾನು ಅಂಗಿ ಹಿಡಿದೆ, ಕೊಸರಿಕೊಂಡಳು. ದೀಪಗಳ ನಡುವೆ ಚಟಪಟ ಹೆಜ್ಜೆ ಹಾಕುತ್ತಾ ಹೋಗಿ, ಆ ಎತ್ತರದ ಹುಡುಗಿಯನ್ನು ಬಗ್ಗಿಸಿ, ಕಾಲರ್ ಮಡಿಸಿ, ಬೆನ್ನು ತಟ್ಟಿ ವಾಪಸು ಬಂದಳು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅದೂ ಪ್ರದರ್ಶನದ ಭಾಗ ಎಂದು ತಿಳಿದಿದ್ದರು.

ಮರುದಿನ ಸಂಸ್ಥೆಯ ನಿರ್ದೇಶಕರು ಹೂಗುಚ್ಛ ಹಿಡಿದು ಬಂದರು. "ಅದ್ಭುತ! ಆ ಚಪ್ಪಲಿ! ಆ ಸೂಜಿಗಳು! ಮುಂದಿನ ಸಲ ಎರಡು ಬಾರಿ ಹೋಗಿ. ಮಧ್ಯದಲ್ಲೊಮ್ಮೆ, ಕೊನೆಗೊಮ್ಮೆ."

"ಎರಡು ಕೋಟು ತಪ್ಪು ಹಾಕ್ತಾರಾ?"

"ಹಾಕಿಸೋಣ ಮೇಡಂ. ಅದಕ್ಕೇನು!"

ಫುಸಾಕೊ ಹನ್ನೊಂದು ತಿಂಗಳು ಇದ್ದಳು. ಎರಡನೇ ಪ್ರದರ್ಶನಕ್ಕೆ ನಿರ್ದೇಶಕರು ಯಾವ ಹುಡುಗಿಯ ಯಾವ ಗುಂಡಿ ತಪ್ಪಿರಬೇಕು ಎಂಬ ಪಟ್ಟಿ ಕಳಿಸಿದರು. ಅದನ್ನು ಎರಡು ಸಲ ಓದಿ, ಕತ್ತರಿಗಳನ್ನು ಪೆಟ್ಟಿಗೆಗೆ ತುಂಬಿ, ನಿರ್ದೇಶಕರ ಕೋಣೆಗೆ ಹೋಗಿ ನಮ್ಮ ಭಾಷೆಯಲ್ಲೇ ಹೇಳಿದಳು: "ನಾನು ಮುಂದಿನ ನಿಲ್ದಾಣದಲ್ಲಿ ಇಳಿಯತಕ್ಕದ್ದು." ಅವರಿಗೆ ಅರ್ಥವಾಗದೆ ಮತ್ತೆ ಚಪ್ಪಾಳೆ ತಟ್ಟಿದರಂತೆ.

ನಾವು ಕುದುರೆ ಮಾಂಸದ ಅಂಗಡಿಗೆ ವಾಪಸಾದೆವು. ಪ್ಯಾರಿಸ್ ಬಿಟ್ಟು ಬಂದವಳೆಂದು ಜನ ಕನಿಕರಪಡಲು ನೋಡಿದರು. ಅವಳು ಅವರ ಕೋಟಿನ ಅಂಚು ಸರಿಪಡಿಸಿ ಕಳಿಸಿದಳು.

ಇದಾಗಿ ಎರಡು ವರ್ಷಕ್ಕೆ ಅವಳಪ್ಪ ಗೆಂಜಿರೊ ಹತ್ತು ದಿನಕ್ಕೆಂದು ಬಂದರು. ಎಪ್ಪತ್ತೆಂಟರ ಸಣಕಲು ನೇಕಾರರು. ಎಳೆ ಎಣಿಸುವ ಪುಟ್ಟ ಭೂತಗನ್ನಡಿ ಕೊರಳಲ್ಲೇ ತೂಗುತ್ತಿತ್ತು. ಅಂಗಡಿಗೆ ಕಾಲಿಟ್ಟವರೇ ಒಂದು ಕೋಟು ಇಳಿಸಿ ಒಳಮೈ ಹೊರಗೆ ಮಾಡಿ ಗಾಜು ಇಟ್ಟು ನೋಡಿದರು. ಏನೂ ಹೇಳಲಿಲ್ಲ. ಇನ್ನೊಂದು ಇಳಿಸಿದರು. ಏನೂ ಹೇಳಲಿಲ್ಲ. ಮೂರನೇ ದಿನ ಗಿರಾಕಿಯೊಬ್ಬಳ ಮೊಣಕಾಲ ಹತ್ತಿರ ಕೂತು, ತೊಟ್ಟ ಕೋಟಿನ ಅಂಚನ್ನೇ ಗಾಜಿನಲ್ಲಿ ನೋಡತೊಡಗಿದರು. ಆಕೆ ಚೀರಿದಳು.

"ಹೆದರತಕ್ಕದ್ದಲ್ಲ, ನಮ್ಮಪ್ಪ," ಅಂದಳು ಫುಸಾಕೊ.

"ಅದು ಹೇಳದೇನೇ ಗೊತ್ತಾಯ್ತು ಬಿಡು" ಎಂದೆ ನಾನು.

ಸಂಜೆಗಳಲ್ಲಿ ಅವರು ಫಿರ್ಮಿನ್ ಸಾಕಿದ ಪಾರಿವಾಳಗಳ ಗೂಡಿನ ಹತ್ತಿರ ಕೂರುತ್ತಿದ್ದರು. ಮಾವ ಅಳಿಯ ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಇಬ್ಬರೂ ಬಿಯರು ಕುಡಿದು, ಹಕ್ಕಿ ತೋರಿಸಿ ತಲೆಯಾಡಿಸುತ್ತಿದ್ದರು. ಮಗಳು ಮಾತ್ರ ಒಳಗೆ ಕೂತು ಅಪ್ಪನಿಗೊಂದು ಕೋಟು ಹೊಲಿಯುತ್ತಿದ್ದಳು. ಹೊಲಿದು, ಬಿಚ್ಚಿ, ಮತ್ತೆ ಹೊಲಿಯುತ್ತಿದ್ದಳು.

ಹೊರಡುವ ದಿನ ರೈಲು ನಿಲ್ದಾಣದಲ್ಲಿ ಅದನ್ನು ಕೊಟ್ಟಳು. ಮುದುಕರು ತಾವೇ ತೊಟ್ಟರು. ಕಾಲರಿಗೆ ಒಂದೇ ಮಡಿಕೆ, ಒಳಗಿನ ಗುಂಡಿ ಹೊರಗಿನ ಕಾಜದಲ್ಲಿ, ಒಂದು ಭುಜ ಮೇಲೆ, ಒಂದು ಕೆಳಗೆ. ಮಳೆಯಲ್ಲಿ ನೆನೆದ ಕೊಕ್ಕರೆಯ ಹಾಗೆ ನಿಂತರು. ಫುಸಾಕೊಳ ಎರಡೂ ಕೈ ಮೇಲೆದ್ದವು. ಎದ್ದವು, ಇಳಿದವು, ಮತ್ತೆ ಎದ್ದವು. ಕೊನೆಗೆ ಎರಡನ್ನೂ ಜೇಬಿಗೆ ತುರುಕಿಕೊಂಡಳು. ಮುದುಕರು ಜಪಾನಿಯಲ್ಲಿ ಒಂದೇ ಒಂದು ಮಾತು ಹೇಳಿ ರೈಲು ಹತ್ತಿದರು.

ರೈಲು ಹೋದ ಮೇಲೆ ಕೇಳಿದೆ. "ಯಾಕೆ ಸರಿ ಮಾಡ್ಲಿಲ್ಲ? ನಂಗೇ ಕೈ ಕಡೀತಿತ್ತು."

"ಬೆಚ್ಚಗಿದೆ ಅಂದ್ರು."

"ಅಷ್ಟೇನಾ?"

"ಮರಿಯೆಟ್, ನಮ್ಮಪ್ಪ ನಾನು ಮಾಡಿದ್ದಕ್ಕೆ ಇದುವರೆಗೂ ಏನೂ ಅಂದಿಲ್ಲ." ಮೂಗು ಒರೆಸಿಕೊಂಡಳು. ಆ ವಾಕ್ಯದಲ್ಲಿ ಅಡುಗೆಯೂ ಇರಲಿಲ್ಲ, ಟ್ರಾಮೂ ಇರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ.

ಅಲ್ಲಿಂದ ಅವಳಿಗೆ ಬುದ್ಧಿ ಬಂತು ಅಂದುಕೊಳ್ಳಬೇಡಿ. ಮನೆ ಸೇರುವ ಮೊದಲೇ, ಎರಡು ಬೀದಿ ದಾಟುವಷ್ಟರಲ್ಲಿ, ಹೂವಿನಂಗಡಿಯ ಮುಂದೆ ಒಬ್ಬಳ ಸೊಂಟಪಟ್ಟಿ ಬಿಚ್ಚಿ ಕಟ್ಟಿದ್ದಳು.

ಅಂಗಡಿ ಇನ್ನೂ ಹದಿನೇಳು ವರ್ಷ ನಡೆಯಿತು. ಆಮೇಲೆ ಅವಳ ಕಣ್ಣು ಮಂಜಾಯಿತು, ನನ್ನ ಮೊಣಕಾಲು ಹೋಯಿತು, ಮುಚ್ಚಿದೆವು. ಆಪರೇಷನ್ ಮಾಡಿಸಿಕೊ ಎಂದರೆ, ಕಣ್ಣಿಗೆ ಕತ್ತರಿ ಹಾಕಲು ಬೇರೆಯವರನ್ನು ಹೇಗೆ ನಂಬುವುದು ಎಂದು ವರ್ಷಗಟ್ಟಲೆ ಮುಂದೂಡಿದಳು. ಕೊನೆಗೂ ಹೋದ ತಿಂಗಳು ಮಾಡಿಸಿಕೊಂಡಳು. ಪಟ್ಟಿ ತೆಗೆದ ಮೇಲೆ ನೋಡಿ ಬರೋಣ ಎಂದು ಗುರುವಾರ ಹೋದರೆ, ಫಿರ್ಮಿನ್ ಬಾಗಿಲಲ್ಲೇ ತುಟಿಗೆ ಬೆರಳಿಟ್ಟು ಒಳಗೆ ತೋರಿಸಿದ. ಅಂಗಡಿ ಮುಚ್ಚಿದಾಗ ಉಳಿದಿದ್ದ ಇಪ್ಪತ್ತು ಮೂವತ್ತು ಹಳೆಯ ಕೋಟುಗಳನ್ನು ನೆಲದ ಮೇಲೆ ಹರಡಿಕೊಂಡು ನಡುವೆ ಕೂತಿದ್ದಳು.

"ಮರಿಯೆಟ್, ಬಾ ಇಲ್ಲಿ. ಈ ಹೊಲಿಗೆ ನೋಡು, ಎಷ್ಟು ಸೊಟ್ಟ! ಇದು ನೋಡು! ಕಡೇ ಹತ್ತು ವರ್ಷ ಹೀಗೇ ಹೊಲಿದಿದ್ದೀನಿ. ನೀನು ಪಕ್ಕದಲ್ಲೇ ಕೂತಿದ್ದೆ. ಒಂದು ಮಾತು ಹೇಳಬಾರದಿತ್ತಾ?"

"ನಂಗೂ ಕಾಣ್ತಿರಲಿಲ್ಲ ಕಣೇ," ಅಂದೆ.

ಅವಳು ಕೈಯಲ್ಲಿದ್ದ ಕೋಟನ್ನು ಕೆಳಗಿಟ್ಟಳು. ಆಮೇಲೆ ಇಬ್ಬರಿಗೂ ನಗು ಬಂತು.